ಹಿನ್ನೀರಿನಂಚಿನ ಹಕ್ಕಿಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಣೆಕಟ್ಟಿನ ಹಿನ್ನೀರು ಮತ್ತು ದೊಡ್ಡ ಕೆರೆಗಳ ಸುತ್ತ ಹಕ್ಕಿ ನೋಡುವುದರ ಬಗ್ಗೆಯೇ ಇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಕೂಡಿಸಿ ಉತ್ತರ ಬರೆದಿದ್ದೇವೆ.

ಪ್ರಶ್ನೆ: ದಸರಾ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ತುಂಗಭದ್ರಾ ಹಿನ್ನೀರಿಗೆ ಹೋಗಿದ್ದೆವು. ಡ್ಯಾಂ ತುಂಬಿತ್ತು, ನೋಡಲು ಚೆಂದ. ಆದರೆ ನಾಲ್ಕು ಬೆಳ್ಳಕ್ಕಿ, ಒಂದೆರಡು ನೀರುಕಾಗೆ ಬಿಟ್ಟರೆ ಏನೂ ಕಾಣಲಿಲ್ಲ. ಅದೇ ಜಾಗದಲ್ಲಿ ಫೆಬ್ರವರಿ ಹೊತ್ತಿಗೆ ಸಾವಿರಾರು ಹಕ್ಕಿ ಸೇರುತ್ತವೆ ಎನ್ನುತ್ತಾರೆ. ವಲಸೆ ಹಕ್ಕಿಗಳು ತಡವಾಗಿ ಬರುತ್ತಿವೆಯೇ?
— ಶಾಲಾ ಶಿಕ್ಷಕಿ, ಹಗರಿಬೊಮ್ಮನಹಳ್ಳಿ

ಉತ್ತರ: ಹಕ್ಕಿಗಳು ತಡ ಮಾಡಿಲ್ಲ, ನೀರು ಜಾಸ್ತಿ ಇತ್ತು. ಗೊರವಗಳು (ಕೆಸರಲ್ಲಿ ಮೇಯುವ ಸ್ಯಾಂಡ್‌ಪೈಪರ್ ಬಗೆಯವು), ಸಿಪಿಲೆಗಳು (ವ್ಯಾಗ್‌ಟೇಲ್) ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲೇ ನಮ್ಮ ಕಡೆ ಇಳಿಯುತ್ತವೆ. ಬಾತುಗಳು ಅಕ್ಟೋಬರ್‌ನಿಂದ ಶುರುವಾಗಿ ನವೆಂಬರ್‌ನಲ್ಲಿ ಹೆಚ್ಚಾಗುತ್ತವೆ. ಅಂದರೆ ನೀವು ಹೋದ ದಿನ ಸುತ್ತಲಿನ ಸಣ್ಣ ಕೆರೆಗಳಲ್ಲಿ, ಗದ್ದೆಗಳಲ್ಲಿ ವಲಸೆ ಹಕ್ಕಿಗಳು ಇದ್ದೇ ಇದ್ದವು. ತುಂಬಿದ ಜಲಾಶಯದಲ್ಲಿ ಅವಕ್ಕೆ ಕಾಲೂರಲು ಜಾಗವಿರಲಿಲ್ಲ, ಅಷ್ಟೆ.

ಹಕ್ಕಿ ನೋಡುವವರಿಗೆ ಜಲಾಶಯ ಎಂದರೆ ನೀರಿನ ಆಳದ ಲೆಕ್ಕ. ಕಿರು ಗೊರವಗಳು ಮೇಯುವುದು ಒಂದು ಇಂಚು ನೀರು ನಿಂತ ಕೆಸರಲ್ಲಿ. ಮೆಟ್ಟುಗಾಲು ಹಕ್ಕಿಗೆ ನಾಲ್ಕೈದು ಇಂಚು ಸಾಕು. ಬಣ್ಣದ ಕೊಕ್ಕರೆ ಅರ್ಧ ಅಡಿಯಿಂದ ಒಂದಡಿ ನೀರಿನಲ್ಲಿ ಕೊಕ್ಕನ್ನು ಅರೆ ತೆರೆದು ಅತ್ತಿತ್ತ ಆಡಿಸುತ್ತದೆ. ಸೂಜಿಬಾಲದ ಬಾತು ತಲೆಕೆಳಗಾಗಿ ಬಾಲ ಮೇಲೆತ್ತಿದರೂ ಅದರ ಕೊಕ್ಕು ತಲುಪುವುದು ಒಂದೂವರೆ ಅಡಿವರೆಗೆ ಮಾತ್ರ. ಅದಕ್ಕಿಂತ ಆಳದ ನೀರು ನಾಮದ ಕೋಳಿ, ಗುಳುಮುಳುಕ, ನೀರುಕಾಗೆಯಂತೆ ಮುಳುಗಿ ತಿನ್ನುವವಕ್ಕೆ. ಜಲಾಶಯ ತುಂಬಿದಾಗ ದಡದಲ್ಲೇ ನಾಲ್ಕೈದು ಅಡಿ ನೀರು ನಿಲ್ಲುವುದರಿಂದ ಈ ಪಟ್ಟಿಯಲ್ಲಿ ಮುಕ್ಕಾಲು ಪಾಲು ಹಕ್ಕಿಗಳಿಗೆ ಅಲ್ಲಿ ಕೆಲಸವಿಲ್ಲ. ಮುಳುಗಿ ಹಿಡಿಯುವ ಹಕ್ಕಿಗಳಿಗೂ ಹೊಸ ನೀರಿನ ಕೆಂಪು ಬಗ್ಗಡದಲ್ಲಿ ಮೀನು ಕಾಣುವುದಿಲ್ಲ.

ನೀರು ಕಾಲುವೆಗೆ ಹರಿದು ಮಟ್ಟ ಇಳಿಯಲು ಶುರುವಾದಾಗ ಚಿತ್ರ ಬದಲಾಗುತ್ತದೆ. ಹಿನ್ನೀರಿನ ಬಾಲದ ಕಡೆ, ಅಂದರೆ ಹೊಳೆ ಅಥವಾ ಹಳ್ಳ ಬಂದು ಸೇರುವ ಕಡೆ, ನೆಲದ ಇಳಿಜಾರು ತೀರಾ ಕಡಿಮೆ. ಇನ್ನೂರು ಅಡಿ ಹೋದರೆ ಒಂದು ಅಡಿ ಇಳಿಯುವಂಥ ದಡ ಎಂದುಕೊಳ್ಳಿ. ಅಲ್ಲಿ ಮಟ್ಟ ಒಂದೇ ಅಡಿ ಇಳಿದರೂ ಇನ್ನೂರು ಅಡಿ ಅಗಲದ ಹೊಸ ಕೆಸರು ತೆರೆದುಕೊಳ್ಳುತ್ತದೆ. ಆ ಕೆಸರಿನಲ್ಲಿ ಹುಳುಗಳು, ಸೊಳ್ಳೆಯಂಥ ಕೀಟಗಳ ಕೆಂಪು ಮರಿಗಳು, ಸಣ್ಣ ಬಸವನಹುಳುಗಳು ತುಂಬಿರುತ್ತವೆ. ಆದರೆ ಅದು ಒದ್ದೆಯಾಗಿ ಇರುವಷ್ಟು ದಿನ ಮಾತ್ರ. ಕೆಸರು ಒಣಗಿ ಬಿರುಕು ಬಿಟ್ಟ ಮೇಲೆ ಗೊರವದ ಕೊಕ್ಕು ಒಳಗೆ ಇಳಿಯುವುದಿಲ್ಲ. ಆದ್ದರಿಂದ ಹಕ್ಕಿಗಳು ಇಳಿಯುವ ನೀರಿನ ಅಂಚಿನ ಜೊತೆಗೇ ಸರಿಯುತ್ತಾ ಹೋಗುತ್ತವೆ. ಹೋದ ತಿಂಗಳು ಸಾವಿರ ಹಕ್ಕಿ ಇದ್ದ ಜಾಗ ಈ ತಿಂಗಳು ಬಟಾಬಯಲಾಗಿದ್ದರೆ ಗಾಬರಿ ಬೇಡ, ನೀರಂಚು ಎಲ್ಲಿಗೆ ಸರಿದಿದೆ ಎಂದು ನೋಡಿ.

ಹೊರಡುವ ಮೊದಲು ಮಟ್ಟ ತಿಳಿದುಕೊಳ್ಳುವುದು ಸುಲಭ. ದಿನಪತ್ರಿಕೆಗಳು ಜಲಾಶಯಗಳ ಮಟ್ಟವನ್ನು ಹಾಕುತ್ತವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ದಿನವೂ ಪ್ರಕಟಿಸುತ್ತದೆ. ಗರಿಷ್ಠ ಮಟ್ಟ ತುಂಗಭದ್ರಾಕ್ಕೆ 1,633 ಅಡಿ, ಕೆಆರ್‌ಎಸ್‌ಗೆ 124.80 ಅಡಿ, ಭದ್ರಾಕ್ಕೆ 186 ಅಡಿ, ಆಲಮಟ್ಟಿಗೆ 519.60 ಮೀಟರ್. ಟಿಎಂಸಿ ಲೆಕ್ಕ ರೈತರಿಗೆ ಮುಖ್ಯ, ನಿಮಗೆ ಬೇಕಾದ್ದು ಅಡಿಯ ಲೆಕ್ಕ. ನೀವು ಹೋಗುವ ಜಾಗದಲ್ಲಿ ಪ್ರತಿ ಸಲ ಆ ದಿನದ ಮಟ್ಟ ಬರೆದು ಅದರ ಪಕ್ಕದಲ್ಲೇ ಹಕ್ಕಿಗಳ ಪಟ್ಟಿ ಬರೆಯಿರಿ. ಎರಡು ವರ್ಷ ಹೀಗೆ ಬರೆದರೆ, ಮಟ್ಟ ಇಷ್ಟಕ್ಕೆ ಬಂದಾಗ ಈ ದಡಕ್ಕೆ ಹೋಗಬೇಕು ಎಂಬುದು ನಿಮಗೇ ಗೊತ್ತಾಗುತ್ತದೆ. ಯಾವ ಕೈಪಿಡಿಯೂ ಇದನ್ನು ಹೇಳಿಕೊಡುವುದಿಲ್ಲ.

ಒಂದು ಮಾತು ಸೇರಿಸಬೇಕು. ಒಳ್ಳೆ ಮಳೆಯಾದ ವರ್ಷ ಊರೂರಿನ ಕೆರೆಗಳೂ ತುಂಬಿರುವುದರಿಂದ ಬಾತುಗಳು ಹಂಚಿಹೋಗುತ್ತವೆ, ಜಲಾಶಯದಲ್ಲಿ ಕಡಿಮೆ ಕಾಣುತ್ತವೆ. ಬರದ ವರ್ಷ ಕೆರೆಗಳು ಬತ್ತಿ ಎಲ್ಲವೂ ಜಲಾಶಯಕ್ಕೇ ಬಂದು ಸೇರುತ್ತವೆ. ಒಂದು ಜಾಗದ ಎಣಿಕೆ ನೋಡಿ ಹಕ್ಕಿ ಹೆಚ್ಚಾಯಿತು, ಕಡಿಮೆಯಾಯಿತು ಎಂದು ತೀರ್ಮಾನಿಸಬೇಡಿ. ದಸರಾದಲ್ಲಿ ಮಕ್ಕಳನ್ನು ಕರೆದೊಯ್ಯುವುದಾದರೆ ಜಲಾಶಯ ಬಿಟ್ಟು ನಿಮ್ಮ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋಗಿ. ಕೆರೆಯೊಳಗಿನ ಜಾಲಿ ಮರಗಳೇ ಅಲ್ಲಿನ ಹಕ್ಕಿಗಳಿಗೆ ಆಸರೆ. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಮಹತ್ವದ ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿದ ಕೆರೆ ಅದು.

ಪ್ರಶ್ನೆ: ಬೈನಾಕ್ಯುಲರ್ ಕೊಳ್ಳಬೇಕು. ಅಂಗಡಿಯವರು ಇಪ್ಪತ್ತು ಪಟ್ಟು ದೊಡ್ಡದು ಮಾಡುವುದನ್ನು ತೋರಿಸುತ್ತಾರೆ. ನೀರಿನ ಹಕ್ಕಿಗಳು ದೂರ ಇರುವುದರಿಂದ ಅದೇ ಒಳ್ಳೆಯದಲ್ಲವೇ?
— ಬ್ಯಾಂಕ್ ಉದ್ಯೋಗಿ, ಬಾಗಲಕೋಟೆ

ಉತ್ತರ: ಬೇಡ. ಇಪ್ಪತ್ತು ಪಟ್ಟಿನದನ್ನು ಕೈಯಲ್ಲಿ ಹಿಡಿದರೆ ಕೈ ನಡುಕವೂ ಇಪ್ಪತ್ತು ಪಟ್ಟು ಆಗುತ್ತದೆ. 8x42 ಅಥವಾ 10x42 ತೆಗೆದುಕೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ: 8x42ಕ್ಕೆ 5.25 ಮಿ.ಮೀ., 10x42ಕ್ಕೆ 4.2 ಮಿ.ಮೀ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಮೊದಲ ಸಲ ಕೊಳ್ಳುವವರಿಗೆ ನಮ್ಮ ಸಲಹೆ 8x42. ಕನ್ನಡಕ ಹಾಕುವವರಾದರೆ ಕಣ್ಣು ಮತ್ತು ಗಾಜಿನ ನಡುವೆ ಕನಿಷ್ಠ 15 ಮಿ.ಮೀ. ಬಿಡುವು ಕೊಡುವ ಮಾದರಿ ಕೇಳಿ, ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಕೆಳಗಿಳಿಸಿಯೇ ನೋಡಿ.

ತುಂಬಾ ಜನ ಒಳ್ಳೆ ಬೈನಾಕ್ಯುಲರ್ ಕೊಂಡು ಮಂಜಾಗಿ ಕಾಣುತ್ತದೆ ಎಂದು ದೂರುತ್ತಾರೆ. ಕಾರಣ, ಬಲಗಣ್ಣಿನ ಕಡೆ ಇರುವ ಸಣ್ಣ ತಿರುಗುಣಿಯನ್ನು ಒಮ್ಮೆಯೂ ಮುಟ್ಟಿರುವುದಿಲ್ಲ. ಐವತ್ತು ಅಡಿ ದೂರದ ಬೋರ್ಡೊಂದನ್ನು ಗುರಿಯಿಟ್ಟು, ಬಲಗಡೆಯ ಗಾಜಿಗೆ ಮುಚ್ಚಳ ಹಾಕಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಡೆ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಡೆಯ ತಿರುಗುಣಿಯಿಂದ ಮಾತ್ರ ಸ್ಪಷ್ಟ ಮಾಡಿಕೊಳ್ಳಿ. ಆ ಗುರುತು ನೆನಪಿಟ್ಟುಕೊಂಡರೆ ಮುಂದೆ ನಡುವಿನ ಚಕ್ರವೊಂದೇ ಸಾಕು.

ಆಲಮಟ್ಟಿ ಹಿನ್ನೀರಿನಂಥ ವಿಶಾಲ ಜಾಗಕ್ಕೆ ಮುಂದೊಂದು ದಿನ ಸ್ಪಾಟಿಂಗ್ ಸ್ಕೋಪ್ (ಟ್ರೈಪಾಡ್ ಮೇಲಿಟ್ಟು ಒಂದೇ ಕಣ್ಣಿನಿಂದ ನೋಡುವ ದೂರದರ್ಶಕ) ಬೇಕೆನಿಸಬಹುದು. 20ರಿಂದ 60 ಪಟ್ಟಿನ, 65 ಅಥವಾ 80 ಮಿ.ಮೀ. ಗಾಜಿನವು ಸಿಗುತ್ತವೆ. ಟ್ರೈಪಾಡ್ ಗಟ್ಟಿಯಿಲ್ಲದಿದ್ದರೆ ಗಾಳಿಗೆ ಅದುರಿ ಏನೂ ಕಾಣದು, ಸ್ಕೋಪಿನ ದುಡ್ಡಿನಲ್ಲೇ ಸ್ವಲ್ಪ ಉಳಿಸಿ ಅದಕ್ಕೆ ಹಾಕಿ. ಫೆಬ್ರವರಿಯಿಂದ ಮೇವರೆಗೆ ಬೆಳಗ್ಗೆ ಒಂಬತ್ತೂವರೆ ದಾಟಿತೆಂದರೆ ಬಿಸಿಗಾಳಿ ಏಳಲು ಶುರುವಾಗಿ ದೂರದ ಹಕ್ಕಿ ನೀರಿನಲ್ಲಿ ಅಲುಗಿದಂತೆ ಕಾಣುತ್ತದೆ. ಆಗ ಪಟ್ಟು ಏರಿಸಿದಷ್ಟೂ ಕೆಡುತ್ತದೆ, ಇಪ್ಪತ್ತಕ್ಕೆ ಇಳಿಸಿ. ಬೆಳಗ್ಗೆ ಪೂರ್ವದ ದಡದಲ್ಲಿ, ಸಂಜೆ ಪಶ್ಚಿಮದ ದಡದಲ್ಲಿ ನಿಂತರೆ ಸೂರ್ಯ ಬೆನ್ನಿಗಿರುತ್ತಾನೆ. ಎದುರು ಬಿಸಿಲಿನಲ್ಲಿ ಎಷ್ಟೇ ದುಬಾರಿ ಗಾಜಾದರೂ ಹಕ್ಕಿಗಳೆಲ್ಲ ಕಪ್ಪು ನೆರಳುಗಳೇ.

ಪ್ರಶ್ನೆ: ಗಂಡು ಬಾತುಗಳನ್ನು ಗುರುತಿಸುತ್ತೇನೆ. ಹೆಣ್ಣುಗಳೆಲ್ಲ ಒಂದೇ ಥರ ಕಂದು. ಅಕ್ಟೋಬರ್‌ನಲ್ಲಂತೂ ಗಂಡುಗಳೇ ಇರುವುದಿಲ್ಲ, ಬರೀ ಹೆಣ್ಣುಗಳೇ ಮೊದಲು ಬರುತ್ತವೆಯೇ?
— ಪದವಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೊದಲು ಎರಡನೆಯದು. ಅಕ್ಟೋಬರ್‌ನಲ್ಲಿ ಗಂಡುಗಳೂ ಬಂದಿರುತ್ತವೆ, ವೇಷ ಬದಲಾಗಿರುತ್ತದೆ. ಸಂತಾನಕಾಲ ಮುಗಿದ ಮೇಲೆ ಗಂಡು ಬಾತುಗಳು ತಮ್ಮ ಬಣ್ಣದ ಗರಿಗಳನ್ನು ಉದುರಿಸಿ ಹೆಣ್ಣಿನಂಥ ಕಂದು ಗರಿ ಹೊದೆಯುತ್ತವೆ. ರೆಕ್ಕೆಯ ಹಾರುವ ಗರಿಗಳೂ ಆಗ ಒಟ್ಟಿಗೇ ಉದುರಿ ಕೆಲವು ವಾರ ಹಾರಲಾಗುವುದಿಲ್ಲ, ಎದ್ದು ಕಾಣದಂತಿರುವುದೇ ಆಗ ಅವಕ್ಕೆ ರಕ್ಷಣೆ. ನಮ್ಮಲ್ಲಿಗೆ ಬರುವಾಗ ಇನ್ನೂ ಅದೇ ಗರಿಯಲ್ಲಿರುತ್ತವೆ. ಸೂಜಿಬಾಲದ ಬಾತು, ಚಲುಕ (ಶವೆಲರ್) ಬಾತುಗಳ ಗಂಡುಗಳು ನವೆಂಬರ್, ಡಿಸೆಂಬರ್‌ನಲ್ಲಿ ಬಣ್ಣಕ್ಕೆ ತಿರುಗುತ್ತವೆ. ಬಿಳಿಹುಬ್ಬಿನ ಬಾತು ಎಲ್ಲಕ್ಕಿಂತ ನಿಧಾನ, ಆ ಹೆಸರು ತಂದ ಬಿಳಿ ಹುಬ್ಬು ಪೂರ್ತಿ ಮೂಡುವಾಗ ಜನವರಿ, ಫೆಬ್ರವರಿ ಆಗಿರುತ್ತದೆ. ಆದರೆ ಅದರ ಗಂಡಿನ ರೆಕ್ಕೆಯ ಮುಂಭಾಗ ಯಾವ ಕಾಲದಲ್ಲೂ ತಿಳಿ ಬೂದುನೀಲಿ. ಹಾರಿದ ಕ್ಷಣ ಗೊತ್ತಾಗುತ್ತದೆ.

ಈಗ ಹೆಣ್ಣುಗಳು. ಮೈಬಣ್ಣ ನೋಡುವುದನ್ನು ಬಿಟ್ಟುಬಿಡಿ. ಮೊದಲು ಕೊಕ್ಕು, ಆಮೇಲೆ ಮುಖ, ಕೊನೆಗೆ ರೆಕ್ಕೆ.

ಕೊಕ್ಕು ತಲೆಗಿಂತ ಉದ್ದವಿದ್ದು ತುದಿ ಅಗಲವಾಗಿದ್ದರೆ ಚಲುಕ. ಅದರ ಹೆಣ್ಣಿನ ಕೊಕ್ಕಿನ ಅಂಚು ಕಿತ್ತಳೆ. ನೀರಿನ ಮೇಲೆ ಕೊಕ್ಕನ್ನು ಚಾಚಿ ಸುತ್ತು ಹೊಡೆಯುತ್ತಾ ಸೋಸುವ ರೀತಿಯೇ ಸಾಕು. ಕೊಕ್ಕು ಕಪ್ಪಾಗಿದ್ದು ತುದಿ ಮಾತ್ರ ಹಳದಿ ಇದ್ದರೆ ಅದು ಚುಕ್ಕೆಕೊಕ್ಕಿನ ಬಾತು, ವಲಸೆಯದಲ್ಲ, ಇಲ್ಲಿಯದೇ. ಅದರಲ್ಲಿ ಗಂಡು ಹೆಣ್ಣು ಎರಡೂ ಹೆಚ್ಚುಕಡಿಮೆ ಒಂದೇ ಥರ. ಕೊಕ್ಕು ಬರೀ ಬೂದು, ಕುತ್ತಿಗೆ ಸಪೂರ, ಮುಖದಲ್ಲಿ ಯಾವ ಗೆರೆಯೂ ಇಲ್ಲ, ಬಾಲ ಚೂಪು ಎಂದರೆ ಸೂಜಿಬಾಲದ ಹೆಣ್ಣು. ಕೊಕ್ಕಿನ ಪಕ್ಕಗಳು ಕಿತ್ತಳೆ, ಆದರೆ ಆಕಾರ ಸಾಮಾನ್ಯ, ಹಾರುವಾಗ ರೆಕ್ಕೆಯ ಹಿಂಭಾಗದಲ್ಲಿ ಬಿಳಿ ಚೌಕ ಕಂಡರೆ ಗ್ಯಾಡ್‌ವಾಲ್. ದುಂಡು ತಲೆ, ಗಿಡ್ಡ ನೀಲಿಬೂದು ಕೊಕ್ಕಿಗೆ ಕಪ್ಪು ತುದಿ, ದಡಕ್ಕೆ ಹತ್ತಿ ಹುಲ್ಲು ಮೇಯುತ್ತಿದ್ದರೆ ವಿಜನ್.

ಕಷ್ಟವಿರುವುದು ಎರಡು ಚಿಕ್ಕ ಬಾತುಗಳಲ್ಲಿ: ಬಿಳಿಹುಬ್ಬಿನ ಬಾತು ಮತ್ತು ಕಾಮನ್ ಟೀಲ್. ಮುಖವನ್ನೇ ದಿಟ್ಟಿಸಿ. ಬಿಳಿಹುಬ್ಬಿನ ಹೆಣ್ಣಿನ ಮುಖದ ತುಂಬ ಗೆರೆ: ಕಣ್ಣಿನ ಮೇಲೆ ತಿಳಿ ಪಟ್ಟೆ, ಕಣ್ಣಿನ ಮೂಲಕ ಕಪ್ಪು ಪಟ್ಟೆ, ಕೆನ್ನೆಯಲ್ಲಿ ಇನ್ನೊಂದು ಮಾಸಲು ಪಟ್ಟೆ, ಕೊಕ್ಕಿನ ಬುಡದಲ್ಲಿ ತಿಳಿ ಬೊಟ್ಟು. ಟೀಲ್ ಹೆಣ್ಣಿನ ಮುಖ ಸಪ್ಪೆ, ಆದರೆ ಬಾಲದ ಬುಡದ ಪಕ್ಕದಲ್ಲಿ ಬಿಳಿಚು ಗೀರು ಇರುತ್ತದೆ. ಹಿಂಡಿನಲ್ಲಿ ಎರಡೂ ಕೂಡಿ ಇರುವುದರಿಂದ ಒಂದನ್ನು ಗುರುತಿಸಿ ಉಳಿದವೂ ಅದೇ ಎಂದು ಬರೆದುಬಿಡುವುದು ಎಲ್ಲರೂ ಬೀಳುವ ಗುಂಡಿ. ಹತ್ತು ಮುಖಗಳನ್ನಾದರೂ ಬಿಡಿಬಿಡಿಯಾಗಿ ನೋಡಿ.

ಪ್ರಶ್ನೆ: ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ನೆಂಟರು ಮಧ್ಯಾಹ್ನ ಬರುತ್ತಾರೆ, ಮಲಗಿದ ಹಕ್ಕಿ ನೋಡಿ ಹೋಗುತ್ತಾರೆ. ಅವು ಚಟುವಟಿಕೆಯಿಂದ ಇರುವುದು ಯಾವಾಗ? ಕೆಲವರು ಕುತ್ತಿಗೆಯಲ್ಲಿ ಪಟ್ಟಿ ಇರುವ ಹಕ್ಕಿ ಕಂಡೆವು ಎನ್ನುತ್ತಾರೆ, ಏನದು?
— ರೈತರು, ಶಿರಹಟ್ಟಿ ತಾಲ್ಲೂಕು

ಉತ್ತರ: ಹಗಲಲ್ಲಿ ಕೆರೆ ಅವುಗಳಿಗೆ ಮಲಗುವ ಮನೆ, ಊಟ ನಿಮ್ಮ ಹೊಲಗಳಲ್ಲಿ. ಮುಸ್ಸಂಜೆಗೆ ಗುಂಪು ಗುಂಪಾಗಿ ಎದ್ದು ಕಟಾವಾದ ಶೇಂಗಾ ಹೊಲ, ಎಳೆ ಬೆಳೆ, ಹುಲ್ಲು ಇರುವ ಕಡೆ ಹೋಗಿ ಬೆಳಗ್ಗೆ ಮರಳುತ್ತವೆ. ಆದ್ದರಿಂದ ನೆಂಟರಿಗೆ ಸಂಜೆ ಐದೂವರೆಗೆ ಏರಿ ಮೇಲೆ ನಿಲ್ಲಲು ಹೇಳಿ, ಅಥವಾ ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ. ನವೆಂಬರ್, ಡಿಸೆಂಬರ್‌ನಲ್ಲಿ ಬಂದು ಮಾರ್ಚ್ ಹೊತ್ತಿಗೆ ಹೊರಡುತ್ತವೆ, ಜನವರಿ ಒಳ್ಳೆಯ ಕಾಲ.

ಹಿಂಡು ದಡದಲ್ಲಿದ್ದಾಗ ಒಂದು ಸೂಚನೆ ಗಮನಿಸಿ. ನಾಲ್ಕಾರು ಹಕ್ಕಿಗಳು ಕುತ್ತಿಗೆ ನೆಟ್ಟಗೆ ಮಾಡಿ ನಿಮ್ಮತ್ತ ನೋಡಿದರೆ ಅಲ್ಲೇ ನಿಲ್ಲಿ. ಎಲ್ಲವೂ ಕುತ್ತಿಗೆ ಎತ್ತಿದರೆ ಹಿಂದೆ ಸರಿಯಿರಿ, ಮುಂದಿನ ಹೆಜ್ಜೆಗೆ ಹಿಂಡೇ ಏಳುತ್ತದೆ. ಮಂಗೋಲಿಯಾ, ಟಿಬೆಟ್ ಪ್ರಸ್ಥಭೂಮಿಗೆ ಮರಳಲು ಅವು ಇಲ್ಲಿ ಕೊಬ್ಬು ಕೂಡಿಸಬೇಕು. ದಿನಕ್ಕೆ ಹತ್ತು ಸಲ ಎಬ್ಬಿಸಿದರೆ ಕೂಡಿಸಿದ್ದು ಹಾರುವುದಕ್ಕೇ ಖರ್ಚು.

ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುವುದು ದೊಡ್ಡವಕ್ಕೆ ಮಾತ್ರ. ಪಟ್ಟೆ ಇಲ್ಲದೆ ನೆತ್ತಿಯಿಂದ ಕುತ್ತಿಗೆ ಹಿಂಭಾಗದವರೆಗೆ ಒಂದೇ ಕಡುಬಣ್ಣ ಇದ್ದರೆ ಆ ವರ್ಷ ಹುಟ್ಟಿದ ಮರಿ. ನೂರು ಹಕ್ಕಿಗೆ ಎಷ್ಟು ಮರಿ ಎಂದು ಲೆಕ್ಕ ಹಾಕಿದರೆ ಅಲ್ಲಿ ದೂರದಲ್ಲಿ ಆ ವರ್ಷ ಸಂತಾನ ಹೇಗಾಯಿತು ಎಂಬುದರ ಅಂದಾಜು ಇಲ್ಲಿ ಕೂತೇ ಸಿಗುತ್ತದೆ. ಬರೇ ಒಟ್ಟು ಎಣಿಕೆಗಿಂತ ಬೆಲೆಬಾಳುವ ಮಾಹಿತಿ ಇದು, ದಯವಿಟ್ಟು ಬರೆದಿಡಿ.

ಕುತ್ತಿಗೆಯ ಪಟ್ಟಿ ವಿಜ್ಞಾನಿಗಳು ಹಾಕಿದ್ದು. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಬಣ್ಣ, ಅಕ್ಷರ ಮತ್ತು ಅಂಕಿಗಳು, ಅವುಗಳ ಬಣ್ಣ, ದಿನಾಂಕ, ಕೆರೆಯ ಹೆಸರು ಬರೆದುಕೊಳ್ಳಿ. ಅಕ್ಷರ ಪಟ್ಟಿಯ ಸುತ್ತಲೂ ಮತ್ತೆ ಮತ್ತೆ ಬರೆದಿರುತ್ತದೆ, ಹಕ್ಕಿ ತಿರುಗುವವರೆಗೆ ಕಾದು ಎರಡು ಕಡೆಯಿಂದ ಓದಿದರೆ ತಪ್ಪಾಗುವುದಿಲ್ಲ. ಕಾಲುಂಗುರವಾದರೆ ಎಡಗಾಲೋ ಬಲಗಾಲೋ, ಗಂಟಿನ ಮೇಲೋ ಕೆಳಗೋ ಎಂಬುದೂ ಬೇಕು. ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಚಿತ್ರದೊಂದಿಗೆ ಕಳಿಸಿ.

ಪ್ರಶ್ನೆ: ಕೆಸರಿನಲ್ಲಿ ಓಡಾಡುವ ಬೂದು ಗೊರವಗಳನ್ನು ಕಂಡರೆ ಕೈಚೆಲ್ಲುತ್ತೇನೆ. ಎಲ್ಲಿಂದ ಶುರುಮಾಡಲಿ?
— ಗೃಹಿಣಿ, ಮಂಡ್ಯ

ಉತ್ತರ: ಮೂರರಿಂದ ಶುರುಮಾಡಿ, ಉಳಿದವು ತಾನಾಗಿ ಬರುತ್ತವೆ. ಒಂಟಿಯಾಗಿ ಕಲ್ಲಿನ ಅಂಚಿನಲ್ಲಿ ಹಿಂಭಾಗವನ್ನು ಸದಾ ಕುಣಿಸುತ್ತಾ, ಭುಜದ ಮುಂದೆ ಬಿಳಿ ಮೂಲೆ ಮೇಲೇರಿದ್ದರೆ ಕಾಮನ್ ಸ್ಯಾಂಡ್‌ಪೈಪರ್. ಬೆನ್ನ ಮೇಲೆ ಎದ್ದು ಕಾಣುವ ಬಿಳಿ ಚುಕ್ಕೆ, ಕಣ್ಣಿನ ಮೇಲೆ ಉದ್ದ ತಿಳಿ ಹುಬ್ಬು, ಹಳದಿ ಛಾಯೆಯ ಕಾಲು, ಗದ್ದೆಯಲ್ಲಿ ಏಳೆಂಟು ಜೊತೆ ಇದ್ದರೆ ವುಡ್ ಸ್ಯಾಂಡ್‌ಪೈಪರ್. ಕಡುಬಣ್ಣದ ಬೆನ್ನು, ಎದ್ದಾಗ ಬೆಳ್ಳನೆಯ ಸೊಂಟ ಮತ್ತು ಕಪ್ಪಾದ ರೆಕ್ಕೆಯ ಅಡಿ ಕಂಡರೆ ಗ್ರೀನ್ ಸ್ಯಾಂಡ್‌ಪೈಪರ್, ಇದು ಹಳ್ಳ, ಬಚ್ಚಲು ನೀರಿನ ಮೂಲೆಯನ್ನೂ ಬಿಡುವುದಿಲ್ಲ. ಗುಬ್ಬಿಯಷ್ಟೇ ಚಿಕ್ಕವಾದ ಸ್ಟಿಂಟ್‌ಗಳಲ್ಲಿ ಕಾಲಿನ ಬಣ್ಣ ನೋಡಿ: ಕಪ್ಪಾದರೆ ಲಿಟಲ್ ಸ್ಟಿಂಟ್, ಹಳದಿಯಾದರೆ ಟೆಮ್ಮಿಂಕ್ಸ್. ಕಾಲಿಗೆ ಕೆಸರು ಮೆತ್ತಿದ್ದರೆ ಎಲ್ಲವೂ ಕಪ್ಪೇ, ಅದು ನೀರಿಗೆ ಇಳಿದು ಬರುವವರೆಗೆ ಕಾಯಿರಿ.

ಪ್ರಶ್ನೆ: ನೀರುಕಾಗೆ ರೆಕ್ಕೆ ಹರಡಿ ಕೂರುವುದೇಕೆ? ನೀರಿನ ಹಕ್ಕಿಯ ಗರಿಯೂ ಒದ್ದೆಯಾಗುತ್ತದೆಯೇ?
— ಹೈಸ್ಕೂಲ್ ವಿದ್ಯಾರ್ಥಿನಿ, ಎಚ್.ಡಿ. ಕೋಟೆ

ಉತ್ತರ: ಆಗುತ್ತದೆ, ಅದರಿಂದ ಲಾಭವೂ ಇದೆ. ಬಾತಿನ ಗರಿಯೊಳಗೆ ಗಾಳಿ ಉಳಿದು ಅದು ಬೆಂಡಿನ ಹಾಗೆ ತೇಲುತ್ತದೆ. ನೀರುಕಾಗೆಯ ಗರಿಯ ಹೊರ ಅಂಚು ನೀರು ಹೀರುವುದರಿಂದ ತೇಲುವ ಶಕ್ತಿ ಕಡಿಮೆಯಾಗಿ ಮುಳುಗಲು ಸಲೀಸು. ಹೊರಬಂದ ಮೇಲೆ ಒಣಗಿಸಲೇಬೇಕು. ಹಾವಕ್ಕಿಗೆ ಇನ್ನೂ ಹೆಚ್ಚು ನೆನೆಯುತ್ತದೆ, ಅದಕ್ಕೇ ಈಜುವಾಗ ಕುತ್ತಿಗೆಯೊಂದೇ ಹೊರಗಿರುತ್ತದೆ. ಕಬಿನಿ ಹಿನ್ನೀರಿನ ಒಣಮರಗಳಲ್ಲಿ ಮೂರು ಬಗೆಯ ನೀರುಕಾಗೆಗಳನ್ನೂ ಹುಡುಕಿ ನೋಡು. ಗಿಡ್ಡ ಕೊಕ್ಕು, ದುಂಡು ತಲೆಯದು ಕಿರು ನೀರುಕಾಗೆ. ಸಪೂರ ಉದ್ದ ಕೊಕ್ಕು, ನೀಲಿ ಹಸಿರು ಕಣ್ಣಿನದು ಭಾರತೀಯ ನೀರುಕಾಗೆ. ಬಾತಿಗಿಂತ ದೊಡ್ಡದಾಗಿ, ದಪ್ಪ ಕೊಕ್ಕು, ಗಲ್ಲದಲ್ಲಿ ಹಳದಿ ಮತ್ತು ಬಿಳುಪು ಇರುವುದು ದೊಡ್ಡ ನೀರುಕಾಗೆ.

ಪ್ರಶ್ನೆ: ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ನದಿ ರೀವಗಳು (ರಿವರ್ ಟರ್ನ್) ಸಾವಿರಗಟ್ಟಲೆ ಗೂಡು ಮಾಡುತ್ತವೆ. ಮೀನುಗಾರರ ತೆಪ್ಪದಲ್ಲಿ ಹತ್ತಿರ ಹೋಗಿ ಫೋಟೋ ತೆಗೆಯಬಹುದೇ? ಹತ್ತೇ ನಿಮಿಷ ಸಾಕು.
— ಛಾಯಾಗ್ರಾಹಕರು, ಶಿವಮೊಗ್ಗ

ಉತ್ತರ: ಹತ್ತು ನಿಮಿಷವೇ ಹೆಚ್ಚು. ಏನಾಗುತ್ತದೆ ಎಂದು ವಿವರವಾಗಿ ಹೇಳುತ್ತೇವೆ, ಆಮೇಲೆ ನೀವೇ ನಿರ್ಧರಿಸಿ.

ನದಿ ರೀವ ಗೂಡು ಕಟ್ಟುವುದಿಲ್ಲ. ನೀರು ಇಳಿದಾಗ ತಲೆ ಎತ್ತುವ ಬೋಳು ದಿಬ್ಬದ ನೆಲದಲ್ಲಿ ಸಣ್ಣ ಕುಳಿ ಮಾಡಿ ಮೊಟ್ಟೆಯಿಡುತ್ತದೆ. ಗೂಡಿನ ಕಾಲ ಸುಮಾರು ಫೆಬ್ರವರಿಯಿಂದ ಮೇವರೆಗೆ, ಅಂದರೆ ನಮ್ಮ ಕಡು ಬಿಸಿಲು. ಆ ದಿನಗಳಲ್ಲಿ ತಾಯಿ ತಂದೆ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡುವುದಕ್ಕಿಂತ ನೆರಳು ಕೊಡುವುದಕ್ಕೇ ಹೆಚ್ಚು. ಕಾದ ಕಲ್ಲು ನೆಲದಲ್ಲಿ ಬಿಟ್ಟ ಮೊಟ್ಟೆಯೊಳಗಿನ ಜೀವ ಬೇಗ ಸಾಯುತ್ತದೆ. ನಿಮ್ಮ ತೆಪ್ಪಕ್ಕೆ ಹೆದರಿ ಒಂದು ಹಕ್ಕಿ ಎದ್ದರೆ ಇಡೀ ದಿಬ್ಬವೇ ಏಳುತ್ತದೆ, ಇಷ್ಟು ಹೊತ್ತೂ ಆಚೀಚೆ ಕಾಯುತ್ತಿದ್ದ ಕಾಗೆ, ಹದ್ದುಗಳಿಗೆ ಅದೇ ಅವಕಾಶ. ಪುಟ್ಟ ಮರಿಗಳು ದಿಕ್ಕುತಪ್ಪಿ ನೀರಿಗೆ ಓಡುತ್ತವೆ. ನಿಮಗೆ ಸಿಗುವ ಚಿತ್ರವಾದರೂ ಏನು? ಗಾಬರಿಯಿಂದ ಕೂಗುತ್ತಾ ಸುತ್ತುವ ಹಕ್ಕಿಗಳು.

ಇವುಗಳ ಬದುಕು ಈಗಲೇ ತೂಗುಯ್ಯಾಲೆಯಲ್ಲಿದೆ. ನೀರು ತೀರಾ ಇಳಿದರೆ ನಡುಗಡ್ಡೆ ದಡಕ್ಕೆ ಕೂಡಿ ನಾಯಿಗಳು ನಡೆದೇ ಬರುತ್ತವೆ. ಮುಂಗಾರಿಗೆ ಮೊದಲೇ ಜೋರು ಮಳೆಯಾಗಿ ನೀರು ಏರಿದರೆ ಮೊಟ್ಟೆಗಳು ಮುಳುಗುತ್ತವೆ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಕೆಂಪು ಪಟ್ಟಿಯಲ್ಲಿ ಈ ಹಕ್ಕಿ ‘ವಲ್ನರಬಲ್’ ಗುಂಪಿನಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದೂ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ. ಡ್ರೋನ್ ಹಾರಿಸುವ ಯೋಚನೆ ಇದ್ದರೆ ಅದನ್ನೂ ಬಿಡಿ, ಹಕ್ಕಿಗೆ ಅದು ಗಿಡುಗಕ್ಕಿಂತ ಬೇರೆಯಲ್ಲ.

ಚಿತ್ರ ಬೇಕೇ ಬೇಕೆಂದರೆ ದಾರಿ ಇದೆ. ಅರಣ್ಯ ಇಲಾಖೆಯ ಅನುಮತಿಯಿರುವ ದೋಣಿಯಲ್ಲಿ, ಬೆಳಗ್ಗೆ ಎಂಟರ ಒಳಗೆ ಹೋಗಿ. ದಿಬ್ಬಕ್ಕೆ ನೇರವಾಗಿ ಹೋಗದೆ ಪಕ್ಕದಿಂದ ಸಾಗುವಂತೆ ಹೇಳಿ, ಎಂಜಿನ್ ದೂರದಲ್ಲೇ ನಿಲ್ಲಿಸಲಿ. ಮೊದಲ ಹಕ್ಕಿ ಎದ್ದು ನಿಂತಿತೋ, ಅದೇ ಗಡಿ. ಮೀನು ಹಿಡಿಯುವ ರೀವದ ಒಳ್ಳೆ ಚಿತ್ರಗಳು ಗೂಡಿನ ಬಳಿ ಸಿಗುವುದೂ ಇಲ್ಲ. ಅಣೆಕಟ್ಟಿನ ಕೆಳಗೆ ಹೊಳೆ ಹರಿಯುವ ಕಡೆ ದಡದಲ್ಲಿ ಕೂತರೆ ಅವು ಕಣ್ಣಳತೆಯಲ್ಲೇ ಧುಮುಕುತ್ತವೆ. ಅಣೆಕಟ್ಟಿನ ಫೋಟೋ ನಿಷೇಧವಿರುವ ಕಡೆ ಕ್ಯಾಮೆರಾವನ್ನು ಆ ಕಡೆ ತಿರುಗಿಸಬೇಡಿ.

ಪ್ರಶ್ನೆ: ಬಾತುಗಳ ದೊಡ್ಡ ಹಿಂಡು ಕಂಡಾಗ ಎಣಿಸುವುದು ಹೇಗೆ? ಒಬ್ಬರು ಐನೂರು ಎಂದರೆ ಇನ್ನೊಬ್ಬರು ಎರಡು ಸಾವಿರ ಎನ್ನುತ್ತಾರೆ.
— ಪರಿಸರ ಸಂಘದ ಸದಸ್ಯರು, ಹಾವೇರಿ

ಉತ್ತರ: ಹಿಂಡಿನ ಒಂದು ತುದಿಯಲ್ಲಿ ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಅವು ಹಿಡಿದ ಜಾಗದ ಗಾತ್ರ ಕಣ್ಣಲ್ಲಿ ಅಚ್ಚೊತ್ತಿಕೊಳ್ಳಿ. ಆ ಗಾತ್ರ ಹತ್ತು ಸಲ ಸರಿಸಿದರೆ ನೂರು. ಮುಂದೆ ನೂರರ ಗಾತ್ರವನ್ನೇ ಹಿಂಡಿನುದ್ದಕ್ಕೂ ಸರಿಸಿ. ಹಿಂಡಿನ ನಡುವೆ ಹಕ್ಕಿಗಳು ಒತ್ತಾಗಿಯೂ ಅಂಚಿನಲ್ಲಿ ಸಡಿಲವಾಗಿಯೂ ಇರುತ್ತವೆ, ಆದ್ದರಿಂದ ಗಾತ್ರವನ್ನು ಎರಡು ಕಡೆ ಬೇರೆ ಬೇರೆ ಅಳೆಯಿರಿ. ಮೂರು ಸಲ ಎಣಿಸಿ ಸರಾಸರಿ ತೆಗೆಯಿರಿ. ದಡ ತಗ್ಗಿದ್ದರೆ ಹಿಂದಿನ ಸಾಲುಗಳು ಮರೆಯಾಗಿ ಎಣಿಕೆ ಯಾವಾಗಲೂ ಕಡಿಮೆಯೇ ಬರುತ್ತದೆ, ಏರಿಯ ಮೇಲಿನಂಥ ಎತ್ತರದ ಜಾಗ ಹುಡುಕಿ. ಜಾತಿವಾರು ಲೆಕ್ಕಕ್ಕೆ ಮೊದಲು ಒಟ್ಟು ಎಣಿಸಿ, ಆಮೇಲೆ ಬೇರೆ ಬೇರೆ ಕಡೆ ನೂರು ನೂರು ಹಕ್ಕಿ ನೋಡಿ ಯಾವುದು ನೂರಕ್ಕೆ ಎಷ್ಟು ಎಂದು ಬರೆದು ಹಂಚಿ.

ಎರಡು ತಂಡ ಎರಡು ದಡದಲ್ಲಿದ್ದರೆ ಒಂದೇ ಹೊತ್ತಿಗೆ ಶುರುಮಾಡಿ, ನೀರಿನ ನಡುವೆ ಒಣಮರವನ್ನೋ ಬಂಡೆಯನ್ನೋ ಗಡಿ ಮಾಡಿಕೊಳ್ಳಿ. ಹಿಂಡು ಎದ್ದು ಅತ್ತ ಹೋದರೆ ಫೋನ್ ಮಾಡಿ ತಿಳಿಸಿ. ಹಿಂಡೆಲ್ಲ ಒಮ್ಮೆಲೇ ಎದ್ದರೆ ಎಣಿಕೆ ಬಿಟ್ಟು ಮೇಲೆ ನೋಡಿ, ಜೌಗು ಸೆಳೆವವೋ (ಮಾರ್ಷ್ ಹ್ಯಾರಿಯರ್ ಎಂಬ ಬೇಟೆಹಕ್ಕಿ) ಗಿಡುಗವೋ ಇದ್ದೇ ಇರುತ್ತದೆ.

ಜನವರಿಯಲ್ಲಿ ನಡೆಯುವ ಏಷ್ಯಾ ನೀರುಹಕ್ಕಿ ಗಣತಿ 1987ರಿಂದ ಇದೆ, ನಿಮ್ಮ ಸಂಘ ಒಂದೇ ಕೆರೆಯನ್ನು ಪ್ರತಿವರ್ಷ ತಪ್ಪದೆ ಎಣಿಸಿದರೆ ದೊಡ್ಡ ಉಪಕಾರ. ಉಳಿದ ತಿಂಗಳು ಇ-ಬರ್ಡ್‌ಗೆ (ಹಕ್ಕಿಗಳ ಪಟ್ಟಿ ದಾಖಲಿಸುವ ಜಾಲತಾಣ) ಹಾಕಿ. ಕನಿಷ್ಠ ಹದಿನೈದು ನಿಮಿಷದ ಪಟ್ಟಿ ಇರಲಿ, ಕಂಡ ಎಲ್ಲ ಜಾತಿಯನ್ನೂ ಬರೆಯಿರಿ, ಕಾಗೆ ಮೈನಾ ಸಹಿತ. ಎಣಿಸಲಾಗದಿದ್ದರೆ ಅಂಕಿಯ ಜಾಗದಲ್ಲಿ ಎಕ್ಸ್ ಹಾಕಬಹುದು, ಆದರೆ ಅಂದಾಜು ಅಂಕಿಯೇ ಹೆಚ್ಚು ಉಪಯೋಗ.

ಪ್ರಶ್ನೆ: ಮಳೆಗಾಲದಲ್ಲಿ ಏನು ನೋಡಲಿ? ಹೋದ ವರ್ಷ ಮಳೆ ಮುಗಿಯುವಷ್ಟರಲ್ಲಿ ಬೈನಾಕ್ಯುಲರ್ ಗಾಜಿನೊಳಗೆ ಜೇಡರಬಲೆಯಂಥದ್ದು ಬೆಳೆದಿತ್ತು.
— ಅಂಚೆ ನೌಕರರು, ಸೊರಬ

ಉತ್ತರ: ನಿಮ್ಮ ತಾಲ್ಲೂಕಿನಲ್ಲೇ ಗುಡವಿ ಇದೆಯಲ್ಲ! ಜೂನ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ವರೆಗೆ ನೀರಿನಲ್ಲಿ ನಿಂತ ಮರಗಳ ತುಂಬ ಗೂಡು. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಅದೇ ಕಾಲಕ್ಕೆ ಮರಿ ಮಾಡುತ್ತವೆ. ತಾವರೆ 
ಕೆರೆಗಳಲ್ಲಿ ಬಾಲದ ದೇವನಕ್ಕಿ ಉದ್ದ ಬಾಲ ತೊಟ್ಟಿರುತ್ತದೆ, ಮೊಟ್ಟೆಗೆ ಕಾವು ಕೊಡುವುದು, ಮರಿ ನೋಡಿಕೊಳ್ಳುವುದು ಗಂಡು. ಸಿಳ್ಳೆಬಾತುಗಳು ಮರಿಗಳ ಸಾಲಿನೊಂದಿಗೆ ಕಾಣುತ್ತವೆ. ಗೋವಕ್ಕಿಯ ತಲೆ ಕುತ್ತಿಗೆಗೆ ಕಿತ್ತಳೆ ಬಣ್ಣ ಬಂದಿರುತ್ತದೆ.

ಗಾಜಿನೊಳಗೆ ಬೆಳೆದದ್ದು ಶಿಲೀಂಧ್ರ. ಗಾಳಿಯ ತೇವ ನೂರಕ್ಕೆ ಅರವತ್ತೈದು ದಾಟಿ ಹಾಗೇ ನಿಂತರೆ ಅದು ಬೆಳೆಯುತ್ತದೆ, ಬಿಟ್ಟರೆ ಗಾಜಿನ ಲೇಪನವನ್ನೇ ತಿನ್ನುತ್ತದೆ. ಒಳಗಿನದನ್ನು ನೀವು ಬಿಚ್ಚಿ ಒರೆಸಬೇಡಿ, ರಿಪೇರಿಯವರಿಗೆ ಕೊಡಿ. ಮುಂದೆ ಬಟ್ಟೆ ಅಥವಾ ಚರ್ಮದ ಚೀಲದಲ್ಲಿ ಇಡಬೇಡಿ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಹತ್ತು ಲೀಟರ್ ಪ್ಲಾಸ್ಟಿಕ್ ಡಬ್ಬದಲ್ಲಿ 200 ಗ್ರಾಂ ಸಿಲಿಕಾ ಜೆಲ್ ಹಾಕಿ, ಜೊತೆಗೊಂದು ಸಣ್ಣ ತೇವಮಾಪಕ ಇಡಿ. ಮುಳ್ಳು ನಲವತ್ತರಿಂದ ಐವತ್ತರ ನಡುವೆ ಇರಲಿ. ಕಿತ್ತಳೆ ಬಣ್ಣದ ಹರಳು ಕೊಳ್ಳಿ, ತೇವ ಹೀರಿ ಹಸಿರಾದಾಗ ತೆಗೆದು ಓವನ್‌ನಲ್ಲಿ ಸುಮಾರು 110 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ಕಿತ್ತಳೆ. ಹರಳು ಪೂರ್ತಿ ತಣ್ಣಗಾದ ಮೇಲೆ ಡಬ್ಬಕ್ಕೆ ಹಾಕಿ. ಮಳೆಯಲ್ಲಿ ನೆನೆದು ಬಂದ ಬೈನಾಕ್ಯುಲರನ್ನು ನೇರ ಡಬ್ಬದಲ್ಲಿ ಮುಚ್ಚಬೇಡಿ, ಒಂದು ರಾತ್ರಿ ಫ್ಯಾನಿನ ಕೆಳಗೆ ಒಣಗಲಿ. ನುಸಿಗುಳಿಗೆ, ಕರ್ಪೂರ ಹಾಕಬೇಡಿ, ಅವುಗಳ ಆವಿ ಗಾಜಿನ ಮೇಲೆ ಕೂರುತ್ತದೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ನೀರು ಇಳಿದ ಕೆರೆಯಂಚಿನಲ್ಲಿ ಏಳೆಂಟು ಬಾತು, ಎರಡು ಬೆಳ್ಳಕ್ಕಿ ಸತ್ತು ಬಿದ್ದಿದ್ದವು. ಒಂದು ಬದುಕಿತ್ತು, ಕುತ್ತಿಗೆ ಎತ್ತಲಾಗುತ್ತಿರಲಿಲ್ಲ. ವಿಷ ಹಾಕಿದ್ದಾರೆಯೇ? ಮನೆಗೆ ತಂದು ಆರೈಕೆ ಮಾಡಬಹುದಿತ್ತೇ?
— ಗ್ರಾಮ ಪಂಚಾಯ್ತಿ ಸದಸ್ಯರು, ಚಿತ್ರದುರ್ಗ ಜಿಲ್ಲೆ

ಉತ್ತರ: ಮನೆಗೆ ತರದೆ ಒಳ್ಳೆಯದು ಮಾಡಿದಿರಿ. ವಿಷವೂ ಇರಬಹುದು, ಹಕ್ಕಿಜ್ವರವೂ ಇರಬಹುದು, ಬಾಟುಲಿಸಂ ಕೂಡ. ಲ್ಯಾಬ್ ಪರೀಕ್ಷೆಯಿಲ್ಲದೆ ಹೇಳಲಾಗದು. ಬಾಟುಲಿಸಂನಲ್ಲಿ ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ಕುತ್ತಿಗೆಯ ಬಲ ಹೋಗಿ ಹಕ್ಕಿ ನೀರಲ್ಲಿ ತಲೆ ಎತ್ತಲಾಗದೆ ಮುಳುಗುತ್ತದೆ. ಬಿಸಿಯಾದ, ಗಾಳಿಯಾಡದ, ಕೊಳೆತ ಕಡಿಮೆ ನೀರಿನಲ್ಲಿ ಒಂದು ಬ್ಯಾಕ್ಟೀರಿಯಾ ಈ ವಿಷ ಮಾಡುತ್ತದೆ. ಸತ್ತ ಹಕ್ಕಿಯ ಮೈಯಲ್ಲಿ ಬೆಳೆದ ಹುಳುಗಳಲ್ಲಿ ವಿಷ ಸೇರಿ, ಅವನ್ನು ತಿಂದ ಹಕ್ಕಿಗಳೂ ಸಾಯುತ್ತವೆ. 2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಭಾರ್ ಸರೋವರದಲ್ಲಿ ಸಾವಿರಾರು ಹಕ್ಕಿಗಳು ಸತ್ತದ್ದು ಇದರಿಂದಲೇ.

ಅದಕ್ಕೇ ಹೆಣಗಳನ್ನು ಬೇಗ ತೆಗೆಯುವುದು ಮುಖ್ಯ, ಆದರೆ ಬರಿಗೈಯಲ್ಲಿ ಮುಟ್ಟಬೇಡಿ, ನಾಯಿ, ಕೋಳಿಗಳನ್ನು ಅತ್ತ ಬಿಡಬೇಡಿ. ಯಾವ ಹಕ್ಕಿ ಎಷ್ಟು, ಯಾವ ದಡ, ಎಂದಿನಿಂದ ಎಂದು ಬರೆದು, ಫೋಟೋ ತೆಗೆದು, ಅರಣ್ಯ ಇಲಾಖೆಗೂ ತಾಲ್ಲೂಕಿನ ಪಶು ಆಸ್ಪತ್ರೆಗೂ ಅದೇ ದಿನ ತಿಳಿಸಿ. ಪರೀಕ್ಷೆಗೆ ಹೊಸದಾಗಿ ಸತ್ತ ಹಕ್ಕಿಯೇ ಬೇಕು, ಬಿಸಿಲಲ್ಲಿ ಎರಡು ದಿನ ಬಿದ್ದದ್ದರಿಂದ ಏನೂ ತಿಳಿಯುವುದಿಲ್ಲ. ಇಲಾಖೆಯವರು ಬರುವವರೆಗೆ ಊರಿನವರು ಆ ದಡದ ಮೀನು, ಹಕ್ಕಿ ತಿನ್ನದಂತೆ ಡಂಗುರ ಹೊಡೆಸಿ.

ಹಕ್ಕಿ ಬಲೆಗೋ ಗಾಳದ ದಾರಕ್ಕೋ ಸಿಕ್ಕಿಕೊಂಡಿದ್ದರೆ ಮಾತ್ರ ನೀವೇ ನೆರವಾಗಬಹುದು. ಟವೆಲ್ಲನ್ನು ತಲೆಯ ಮೇಲೆ ಹಾಕಿ ಕಣ್ಣು ಮುಚ್ಚಿದರೆ ಅದು ಶಾಂತವಾಗುತ್ತದೆ. ಬೆಳ್ಳಕ್ಕಿ, ಬೂದು ಬಕ, ಹಾವಕ್ಕಿಗಳು ಕಣ್ಣಿಗೇ ಗುರಿಯಿಟ್ಟು ತಿವಿಯುತ್ತವೆ, ಮೊದಲು ಕೊಕ್ಕು ಹಿಡಿಯಿರಿ, ಉಸಿರಾಟಕ್ಕೆ ಅಡ್ಡಿಯಾಗದಂತೆ. ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು, ದಾರವನ್ನು ಎಳೆಯದೆ ಕತ್ತರಿಯಿಂದ ತುಂಡು ಮಾಡಿ. ನುಂಗಿದ ದಾರ ಬಾಯಿಂದ ಹೊರಗೆ ನೇತಾಡುತ್ತಿದ್ದರೆ ಜಗ್ಗಬೇಡಿ, ಗಾಳ ಹೊಟ್ಟೆಯಲ್ಲಿರುತ್ತದೆ. ಗೇಣುದ್ದ ದಾರ ಹೊರಗೆ ಬಿಟ್ಟು ಕತ್ತರಿಸಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಪಶುವೈದ್ಯರಲ್ಲಿಗೆ ಒಯ್ಯಿರಿ, ಅರಣ್ಯ ಇಲಾಖೆಗೂ ತಿಳಿಸಿ. ದಾರಿಯಲ್ಲಿ ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.